ಪ್ಲಮ್ ಬಟರ್‌ಗೆ ಮಳೆಗಾಲದಲ್ಲಿ ಬೂಷ್ಟು ಬರುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಸಾಗರದ ಅಡುಗೆಮನೆ (ಮೇ 24)

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ಓದಿ ಹೇಳಿ.

ಹೋದ ವರ್ಷ ಜೂನ್ ಶುರುವಿನಲ್ಲಿ ಶಿವಮೊಗ್ಗಕ್ಕೆ ಹೋಗಿದ್ದೆ. ಗಾಂಧಿ ಬಜಾರಿನಲ್ಲಿ ತಳ್ಳುಗಾಡಿ ತುಂಬ ಪ್ಲಮ್. ಕಡುಗೆಂಪು ಹಣ್ಣು, ಮೈಮೇಲೆ ವಿಭೂತಿ ಸವರಿದ ಹಾಗೆ ತೆಳ್ಳಗೆ ಬಿಳಿ ಪುಡಿ. ನಾಲ್ಕು ಕಿಲೋ ತಂದೆ. ಒಂದು ಕಿಲೋ ಮಕ್ಕಳು ಉಪ್ಪು ಖಾರ ಹಚ್ಚಿಕೊಂಡು ತಿಂದರು. ಉಳಿದದ್ದು ಎರಡೇ ದಿನಕ್ಕೆ ಮೆತ್ತಗಾಯಿತು. ಎಸೆಯಲು ಮನಸ್ಸು ಬರಲಿಲ್ಲ, ಪ್ಲಮ್ ಬಟರ್ ಮಾಡಿದೆ.

ಬೀಜ ತೆಗೆದು, ಸಿಪ್ಪೆ ಸಮೇತ ಬೇಯಿಸಿ, ಮಿಕ್ಸಿಗೆ ಹಾಕಿ, ಮೂರು ಕಿಲೋ ಹಣ್ಣಿಗೆ ಮುಕ್ಕಾಲು ಕಿಲೋ ಸಕ್ಕರೆ ಸೇರಿಸಿ ಮತ್ತೆ ಒಲೆ ಮೇಲಿಟ್ಟೆ. ನಲವತ್ತು ನಿಮಿಷ ಕೈಯಾಡಿಸಿದೆ. ಗಟ್ಟಿಯಾಯಿತು ಅನ್ನಿಸಿತು. ರಾತ್ರಿ ಹಾಗೇ ಮುಚ್ಚಿಟ್ಟು, ತಣ್ಣಗಾದ ಮೇಲೆ ಬೆಳಿಗ್ಗೆ ಬಾಟಲಿಗೆ ತುಂಬಿಸಿದೆ. ಬಾಟಲಿ ಚೆನ್ನಾಗಿ ತೊಳೆದು ಬಟ್ಟೆಯಲ್ಲಿ ಒರೆಸಿದ್ದೆ. ರುಚಿಗೆ ಏನೂ ಕಮ್ಮಿ ಇರಲಿಲ್ಲ. ತೆಳ್ಳೇವಿಗೆ (ತೆಳು ದೋಸೆಗೆ) ಸವರಿಕೊಟ್ಟರೆ ಮಕ್ಕಳು ಇನ್ನೊಂದು ಬೇಕು ಅಂತ ಕೇಳುತ್ತಿದ್ದರು.

ಒಂದು ಬಾಟಲಿ ಫ್ರಿಜ್ಜಿನಲ್ಲಿ, ಉಳಿದವು ನಾಗಂದಿಗೆ (ಗೋಡೆಯ ಹಲಗೆ) ಮೇಲೆ. ಆರಿದ್ರಾ ಮಳೆ ಮುಗಿಯುವ ಹೊತ್ತಿಗೆ ಒಂದು ಮುಚ್ಚಳ ತೆಗೆದೆ. ರೂಪಾಯಿ ನಾಣ್ಯದಷ್ಟು ಅಗಲ ಬೂಷ್ಟು. ಸುತ್ತ ಬಿಳಿ, ನಡುವೆ ಹಸಿರು. ಮುಚ್ಚಳದ ಒಳಗೆ ನೀರಿನ ಹನಿ ಕೂತಿತ್ತು. ಇನ್ನೊಂದು ತೆಗೆದೆ, ಅದರಲ್ಲೂ ಅದೇ. ಆ ವಾರವೇ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಫ್ರಿಜ್ಜಿನದ್ದೂ ಹುಳಿ ವಾಸನೆ ಹೊಡೆಯಿತು. ಎಲ್ಲವನ್ನೂ ಗೊಬ್ಬರದ ಗುಂಡಿಗೆ ಸುರಿದು ಬಂದೆ. ಅವತ್ತು ತುಂಬಾ ಬೇಜಾರಾಯಿತು.

ನನ್ನನ್ನು ಕಾಡಿದ್ದು ಇದು. ಅದೇ ನಾಗಂದಿಗೆ ಮೇಲೆ ನಮ್ಮ ಅತ್ತೆಯವರ ಅಪ್ಪೆಮಿಡಿ ಉಪ್ಪಿನಕಾಯಿ ಜಾಡಿ ಇದೆ. ಎರಡು ವರ್ಷದ್ದು. ಅದಕ್ಕೆ ಏನೂ ಆಗಿಲ್ಲ. ಅದೇ ಜಾಗ, ಅದೇ ಮಳೆ. ನನ್ನದು ಮಾತ್ರ ಯಾಕೆ ಕೆಟ್ಟಿತು? ಈ ವರ್ಷ ಮತ್ತೆ ಪ್ಲಮ್ ಬರುವ ಹೊತ್ತಾಯಿತು. ಫ್ರಿಜ್ ನಂಬದೆ ಇಡುವ ಹಾಗೆ ಮಾಡಲು ಆಗುತ್ತದಾ?

ವಿನೋಬನಗರ

ಸಕ್ಕರೆ ಸಮಸಮ ಹಾಕಿ ಮೇಡಂ. ಒಂದು ಕಿಲೋಗೆ ಒಂದು ಕಿಲೋ. ನಾನು ಸ್ಟ್ರಾಬೆರಿಗೆ ಹಾಗೇ ಮಾಡುವುದು, ಕೆಟ್ಟಿದ್ದೇ ಇಲ್ಲ.

ಸಾಗರದ ಅಡುಗೆಮನೆ

ಹಾಗೆ ಮಾಡಿದರೆ ಅದು ಜಾಮ್ ಆಗುತ್ತದೆ ಅಲ್ವಾ? ನನಗೆ ಬೇಕಾದ್ದು ಆ ಹುಳಿ. ಸಕ್ಕರೆ ಹೆಚ್ಚಾದರೆ ಪ್ಲಮ್ ಯಾವುದು, ಸೇಬು ಯಾವುದು ಗೊತ್ತೇ ಆಗುವುದಿಲ್ಲ.

ಕೊಪ್ಪದಿಂದ

ಬಟರ್ ಅಂದರೆ ಬೆಣ್ಣೆ ಹಾಕಬೇಕಾ? ನಮ್ಮಲ್ಲಿ ಮುರುಗಲು ಬೀಜದಿಂದ ತುಪ್ಪ ತೆಗೆಯುತ್ತಾರಲ್ಲ, ಹಿಮ್ಮಡಿ ಒಡೆದರೆ ಹಚ್ಚುವುದು, ಆ ಥರ ಪ್ಲಮ್ ಬೀಜದಿಂದ ತೆಗೆಯುವುದು ಅಂದುಕೊಂಡಿದ್ದೆ.

ಸಾಗರದ ಅಡುಗೆಮನೆ

ಇಲ್ಲ ಅಣ್ಣ, ಜಿಡ್ಡು ಒಂದು ಹನಿಯೂ ಇಲ್ಲ. ಬೆಣ್ಣೆ ಹಾಗೆ ನುಣ್ಣಗೆ ಸವರಲು ಬರುತ್ತದೆ ಅಂತ ಆ ಹೆಸರು. ಹಣ್ಣಿನ ತಿರುಳನ್ನೇ ಬತ್ತಿಸುವುದು. ಬೀಜ ಮಾತ್ರ ಹಾಕಲೇಬಾರದು. ಬೀಜದೊಳಗಿನ ಪಪ್ಪಿನಲ್ಲಿ ವಿಷ ಹುಟ್ಟಿಸುವ ಅಂಶ ಇದೆ. ಮಿಕ್ಸಿಗೆ ಹಾಕುವ ಮುಂಚೆ ಎಣಿಸಿ ತೆಗೆಯುತ್ತೇನೆ.

ಹೊಸನಗರದ ಸೊಸೆ

ಅಕ್ಕ, ನನ್ನ ತವರು ಪುತ್ತೂರು ಕಡೆ. ಪ್ಲಮ್ ಬಟರ್ ನಾನು ಎರಡೇ ಸಲ ಮಾಡಿದ್ದು. ಆದರೆ ಹಲಸಿನ ಹಣ್ಣಿನ ಬೆರಟಿ ಚಿಕ್ಕಂದಿನಿಂದ ಕಾಸಿದ್ದೇನೆ. ಕೆಲಸ ಎರಡೂ ಒಂದೇ. ಹಣ್ಣಿನಲ್ಲಿರುವ ನೀರು ಓಡಿಸುವುದು. ನಿಮ್ಮ ಪೋಸ್ಟ್ ಓದುವಾಗ "ನಲವತ್ತು ನಿಮಿಷ" ಅನ್ನುವಲ್ಲಿ ನಿಂತುಬಿಟ್ಟೆ. ಮೂರು ಕಿಲೋ ಹಣ್ಣಿಗೆ ನಲವತ್ತು ನಿಮಿಷ ಏನೇನೂ ಸಾಲದು. ಬಿಸಿ ಇರುವಾಗ ತೆಳ್ಳಗೆ ಕಾಣುತ್ತದೆ, ತಣ್ಣಗಾದ ಮೇಲೆ ಗಟ್ಟಿಯಾದ ಹಾಗೆ ಕಾಣುತ್ತದೆ. ಅದನ್ನು ನೋಡಿ ಆಯಿತು ಅಂದುಕೊಳ್ಳುತ್ತೇವೆ. ನೀರು ಮಾತ್ರ ಒಳಗೇ ಇರುತ್ತದೆ.

ಅಮ್ಮ ಹೇಳಿಕೊಟ್ಟದ್ದು ಕಿವಿಯಲ್ಲಿ ಕೇಳುವುದು. ಮೊದಲು ಗುಳುಗುಳು ಅಂತ ಕುದಿಯುತ್ತದೆ. ಅದು ನೀರಿನ ಸದ್ದು. ಆಮೇಲೆ ಪಟ್ ಪಟ್ ಅಂತ ಸಿಡಿಯಲು ಶುರು. ಆ ಹೊತ್ತಿಗೆ ಉರಿ ತಗ್ಗಿಸಬೇಕು, ಕೈಗೆ ಬಟ್ಟೆ ಸುತ್ತಿಕೊಳ್ಳಬೇಕು. ಪ್ಲಮ್ ಸಿಡಿದರೆ ಬೆರಟಿಗಿಂತ ಜೋರು ಸುಡುತ್ತದೆ, ನನ್ನ ಮೊಣಕೈ ಹತ್ತಿರ ಇನ್ನೂ ಕಲೆ ಇದೆ. ಕೊನೆಗೆ ಸಿಡಿಯುವುದೂ ನಿಲ್ಲುತ್ತದೆ. ಲೊಚಕ್ ಲೊಚಕ್ ಅಂತ ದಪ್ಪ ಸದ್ದು, ನಿಧಾನಕ್ಕೆ ಒಂದೊಂದೇ ಗುಳ್ಳೆ. ಮರದ ಸಟ್ಟುಗದಲ್ಲಿ ತಳದಲ್ಲಿ ಗೆರೆ ಎಳೆದರೆ ಪಾತ್ರೆಯ ತಳ ಕಾಣಬೇಕು, ಗೆರೆ ಕೂಡಿಕೊಳ್ಳಲು ಎರಡು ಮೂರು ಸೆಕೆಂಡ್ ಆಗಬೇಕು. ಬೆರಟಿ ಆದರೆ ಇನ್ನೂ ಮುಂದೆ, ಉಂಡೆ ಕಟ್ಟುವ ತನಕ ಹೋಗುತ್ತೇವೆ. ಪ್ಲಮ್‌ಗೆ ಅಷ್ಟು ಬೇಡ.

ತಣ್ಣನೆ ತಟ್ಟೆ ಮೇಲೆ ಒಂದು ಚಮಚ ಹಾಕಿ ನೋಡಿ. ಸುತ್ತ ನೀರಿನ ಉಂಗುರ ಬಿಟ್ಟರೆ ಇನ್ನೂ ಆಗಿಲ್ಲ.

ಪಾತ್ರೆ ಯಾವುದು ಅಂತ ನೀವು ಹೇಳಿಲ್ಲ. ಹಿಂಡಾಲಿಯಂ ಬೇಡ, ಹುಳಿ ಹಿಡಿಯುತ್ತದೆ. ದಪ್ಪ ತಳದ ಸ್ಟೀಲ್, ಅಗಲ ಬಾಯಿಯದ್ದು. ಬಾಯಿ ಅಗಲ ಇದ್ದಷ್ಟೂ ಬೇಗ ಬತ್ತುತ್ತದೆ.

ತೀರ್ಥಹಳ್ಳಿ ತೋಟ

ಹೊಸನಗರದವರು ಹೇಳಿದ್ದು ಸರಿ. ನಾನು ಓದಿದ್ದು ಆಹಾರ ವಿಜ್ಞಾನ, ಈಗ ತೋಟ ನೋಡಿಕೊಂಡಿದ್ದೇನೆ. ಮೊದಲು ಒಂದು ಪ್ರಶ್ನೆ. ಮೂರು ಕಿಲೋ ಹಣ್ಣಿಗೆ ಒಟ್ಟು ಎಷ್ಟು ಬಟರ್ ಸಿಕ್ಕಿತು?

ಸಾಗರದ ಅಡುಗೆಮನೆ

ಅರ್ಧ ಕಿಲೋ ಹಿಡಿಯುವ ಬಾಟಲಿ ಐದು ತುಂಬಿತ್ತು. ಪಾತ್ರೆ ಸ್ಟೀಲಿನದ್ದೇ.

ತೀರ್ಥಹಳ್ಳಿ ತೋಟ

ಅಂದರೆ ಎರಡೂವರೆ ಕಿಲೋ. ಲೆಕ್ಕ ಇಲ್ಲೇ ಸಿಗುತ್ತದೆ ನೋಡಿ. ಪ್ಲಮ್‌ನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರು. ಬೀಜ ಕಳೆದರೆ ನಿಮ್ಮ ಮೂರು ಕಿಲೋದಲ್ಲಿ ನೀರಲ್ಲದ ಭಾಗ 350 ಗ್ರಾಂ ಚಿಲ್ಲರೆ. ಅದಕ್ಕೆ 750 ಗ್ರಾಂ ಸಕ್ಕರೆ ಸೇರಿಸಿದರೆ 1,100 ಗ್ರಾಂ. ಎರಡೂವರೆ ಕಿಲೋದಲ್ಲಿ 1,100 ಗ್ರಾಂ ಅಂದರೆ ಅರ್ಧಕ್ಕಿಂತ ಜಾಸ್ತಿ ನೀರೇ. ಅಂಗಡಿಯ ಜಾಮ್‌ಗೆ ನಮ್ಮ ದೇಶದ ನಿಯಮದ ಪ್ರಕಾರ ಕರಗಿದ ಘನಾಂಶ ಕಡಿಮೆ ಅಂದರೂ ಶೇ. 65 ಇರಬೇಕು. ನಿಮ್ಮದು ಶೇ. 45ರ ಹತ್ತಿರ ನಿಂತಿದೆ. ಬೂಷ್ಟಿಗೆ ಅದು ಒಳ್ಳೆ ಗದ್ದೆ.

ಸಕ್ಕರೆ ಜಾಸ್ತಿ ಮಾಡಬೇಕಾಗಿಲ್ಲ. ಅದೇ ಸಕ್ಕರೆ ಇಟ್ಟುಕೊಂಡು 1.7 ಅಥವಾ 1.8 ಕಿಲೋಗೆ ಇಳಿಸಿ. ಖಾಲಿ ಪಾತ್ರೆಯ ತೂಕ ಮೊದಲೇ ಗೋಡೆಗೆ ಬರೆದಿಟ್ಟುಕೊಳ್ಳಿ. ಕಾಸುತ್ತಾ ಮಧ್ಯೆ ಪಾತ್ರೆ ಸಮೇತ ತಕ್ಕಡಿಗೆ ಇಟ್ಟು ನೋಡಿದರೆ ಊಹೆ ಮಾಡುವುದೇ ಬೇಡ.

ಅಪ್ಪೆಮಿಡಿ ಯಾಕೆ ಕೆಡಲಿಲ್ಲ ಅಂತ ಕೇಳಿದ್ದೀರಿ. ಸಕ್ಕರೆ ಮಾಡುವ ಕೆಲಸವನ್ನು ಅಲ್ಲಿ ಉಪ್ಪು ಮಾಡಿದೆ. ಮಿಡಿಗೆ ಉಪ್ಪು ಹಾಕಿಟ್ಟರೆ ನೀರು ಬಿಟ್ಟುಕೊಂಡು ಸುರುಟುತ್ತದಲ್ಲ, ಒಳಗಿನ ನೀರು ಹೊರಗೆ ಬಂತು, ಇರುವ ನೀರನ್ನೂ ಉಪ್ಪು ಹಿಡಿದಿಟ್ಟಿತು. ಬೂಷ್ಟಿಗೆ ಕುಡಿಯಲು ನೀರೇ ಸಿಗುವುದಿಲ್ಲ. ನೀರಾಗಿರುವ ಜೋನಿ ಬೆಲ್ಲದ ಕಥೆಯೂ ಇದೇ. ಪಾಕ ಸರಿಯಾಗಿ ಬಂದ ಜೋನಿ ವರ್ಷ ಇರುತ್ತದೆ, ತೆಳ್ಳಗೆ ಇಳಿಸಿದ್ದು ಮಳೆಗಾಲದಲ್ಲಿ ನೊರೆ ಬಂದು ಹುಳಿಯುತ್ತದೆ.

ಇನ್ನು ಎರಡನೇ ತಪ್ಪು. ಇದು ಮೊದಲನೆಯದಕ್ಕಿಂತ ದೊಡ್ಡದು ಅಂತ ನನ್ನ ಅಭಿಪ್ರಾಯ. ತಣ್ಣಗಾದ ಮೇಲೆ ತುಂಬಿಸಿದ್ದು. ರಾತ್ರಿಯೆಲ್ಲ ಮುಚ್ಚಿಟ್ಟಾಗ ಹಬೆ ಮುಚ್ಚಳಕ್ಕೆ ಹತ್ತಿ ನೀರಾಗಿ ವಾಪಸ್ ಬಿತ್ತು. ಬೆಳಿಗ್ಗೆ ತುಂಬಿಸುವಾಗ ಗಾಳಿಯಲ್ಲಿದ್ದ ಬೂಷ್ಟಿನ ಬೀಜವೂ ಒಳಗೆ ಹೋಯಿತು, ಬಾಟಲಿ ಒರೆಸಿದ ಬಟ್ಟೆಯದ್ದೂ ಹೋಯಿತು. ಜೂನ್‌ನಲ್ಲಿ ನಮ್ಮ ಕಡೆ ಒಣಗಿದ ಬಟ್ಟೆ ಅಂತ ಯಾವುದಿದೆ ಹೇಳಿ! ಗೋಡೆಯೇ ಬೆವರುತ್ತಿರುತ್ತದೆ.

ಬಾಟಲಿಯನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ತೆಗೆದು ಬೋರಲು ಹಾಕಿ, ಒರೆಸಬೇಡಿ. ಬಟರ್ ಕೊತಕೊತ ಇರುವಾಗಲೇ ತುಂಬಿಸಿ. ಮೇಲೆ ಕಾಲಿಂಚು ಜಾಗ ಬಿಡಿ. ಬಾಯಿಯ ಅಂಚಿಗೆ ಅಂಟಿದ್ದನ್ನು ಕುದಿಸಿದ ಬಟ್ಟೆಯಲ್ಲಿ ತೆಗೆದು ಮುಚ್ಚಳ ಹಾಕಿ. ಆಮೇಲೆ ದೊಡ್ಡ ಪಾತ್ರೆಯಲ್ಲಿ, ಕೆಳಗೆ ಬಟ್ಟೆ ಹಾಸಿ, ಮುಚ್ಚಳದ ಮೇಲೆ ಒಂದಿಂಚು ನೀರು ನಿಲ್ಲುವ ಹಾಗೆ ಬಾಟಲಿ ಮುಳುಗಿಸಿ ಕುದಿಸಿ. ಸಮುದ್ರಮಟ್ಟದ ಊರಿಗೆ ಐದು ನಿಮಿಷ ಸಾಕು. ಸಾವಿರ ಅಡಿ ದಾಟಿದರೆ ಹತ್ತು ನಿಮಿಷ. ಶಿವಮೊಗ್ಗ ಸುಮಾರು 570 ಮೀಟರ್, ಅಂದರೆ 1,800 ಅಡಿಗಿಂತ ಮೇಲೆ. ನಮ್ಮಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಅದಕ್ಕೇ ಆ ಜಾಸ್ತಿ ಐದು ನಿಮಿಷ. ನೀರು ಕುದಿ ಬಂದ ಮೇಲೆ ಲೆಕ್ಕ ಹಿಡಿಯಿರಿ.

ಪ್ಲಮ್ ತಾನಾಗಿಯೇ ಹುಳಿ ಹಣ್ಣು. ಪಿಎಚ್ (ಹುಳಿಯ ಅಳತೆ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) ಮೂರರ ಆಸುಪಾಸು. 4.6ಕ್ಕಿಂತ ಕೆಳಗಿದ್ದರೆ ಬೊಟುಲಿಸಂ ಅನ್ನುವ ಮಾರಕ ಆಹಾರವಿಷದ ರೋಗಾಣು ಬೆಳೆಯುವುದಿಲ್ಲ. ಹಾಗಾಗಿ ಬಿಸಿನೀರಿನ ಕುದಿ ಸಾಕು, ಕುಕ್ಕರ್ ಒತ್ತಡ ಬೇಡ. ಇದೇ ಧೈರ್ಯದಲ್ಲಿ ಬದನೆಕಾಯಿ, ಅಣಬೆ ಎಲ್ಲ ಬಾಟಲಿಗೆ ತುಂಬಿಸಿ ಇಡಬೇಡಿ. ಅವು ಹುಳಿಯಲ್ಲ.

ವಿನೋಬನಗರ

ಬಿಸಿ ಬಾಟಲಿ ತಲೆಕೆಳಗು ಇಟ್ಟರೆ ತಾನೇ ಸೀಲ್ ಆಗುತ್ತದೆ. ಇಷ್ಟೆಲ್ಲ ಯಾಕೆ?

ತೀರ್ಥಹಳ್ಳಿ ತೋಟ

ಸೀಲ್ ಆದ ಹಾಗೆ ಕಾಣುತ್ತದೆ ಸರ್, ಆದರೆ ಬಿಗಿ ಸಾಲದು. ಒಳಗಿನ ಗಾಳಿ ಪೂರ್ತಿ ಹೋಗಿರುವುದಿಲ್ಲ. ಒಣ ಊರಿನಲ್ಲಿ ನಡೆದರೂ ನಡೆಯಬಹುದು. ಆಗುಂಬೆ ಪಕ್ಕ ಕೂತು ನಾನು ಹಾಗೆ ಹೇಳಲಾರೆ. ಮುಚ್ಚಳವೂ ಹೊಸದು ಬೇಕು. ಒಳಗಿನ ರಬ್ಬರಿನಂಥ ಸುತ್ತು ಒಂದು ಸಲ ಒತ್ತಿ ಹೋಗಿದ್ದರೆ ಎರಡನೇ ಸಲ ಹಿಡಿಯುವುದಿಲ್ಲ. ತಣ್ಣಗಾದ ಮೇಲೆ ಮುಚ್ಚಳದ ನಡುವೆ ಬೆರಳು ಒತ್ತಿ ನೋಡಿ. ಒಳಗೆ ತಗ್ಗಿ ಗಟ್ಟಿಯಾಗಿ ಕೂತಿದ್ದರೆ ಹಿಡಿದಿದೆ. ಟಿಕ್ ಟಿಕ್ ಅಂದರೆ ಆ ಬಾಟಲಿ ಮೊದಲು ತಿಂದು ಮುಗಿಸಿ.

ಕೊಪ್ಪದಿಂದ

ನಮ್ಮಜ್ಜಿ ಮೇಲಿನ ಬೂಷ್ಟು ಚಮಚದಲ್ಲಿ ತೆಗೆದು ಕೆಳಗಿನದ್ದು ಬಡಿಸುತ್ತಿದ್ದರು. ಯಾರಿಗೂ ಏನೂ ಆಗಲಿಲ್ಲ. ಪೂರ್ತಿ ಗೊಬ್ಬರದ ಗುಂಡಿಗೆ ಹಾಕಿದ್ದು ಅನ್ಯಾಯ ಅನ್ನಿಸಿತು.

ಹೊಸನಗರದ ಸೊಸೆ

ನಮ್ಮ ಮನೆಯಲ್ಲೂ ಹಾಗೇ ಮಾಡುತ್ತಿದ್ದರು ಅಣ್ಣ. ಉಂಡೆಯಂತೆ ಗಟ್ಟಿ ಬೆರಟಿಗೆ ಬೂಷ್ಟು ಮೇಲೇ ನಿಲ್ಲುತ್ತದೆ ಅಂತ ನಂಬಿಕೆ. ಪ್ಲಮ್ ಬಟರ್ ಮೆತ್ತಗೆ ಇರುತ್ತದೆ, ಅದಕ್ಕೆ ಆ ಮಾತು ನಡೆಯುವುದಿಲ್ಲ.

ತೀರ್ಥಹಳ್ಳಿ ತೋಟ

ಹೌದು. ಕಣ್ಣಿಗೆ ಕಾಣುವುದು ಬೂಷ್ಟಿನ ತಲೆ ಮಾತ್ರ, ಬೇರು ಒಳಗೆ ಇಳಿದಿರುತ್ತದೆ. ಕೆಲವು ಬೂಷ್ಟು ವಿಷವನ್ನೂ ಬಿಡುತ್ತವೆ, ಕುದಿಸಿದರೂ ಅದು ಹೋಗುವುದಿಲ್ಲ. ಸಾಗರದವರು ಸುರಿದದ್ದೇ ಸರಿ. ಮುಚ್ಚಳ ಉಬ್ಬಿದ್ದರೆ, ತೆಗೆದಾಗ ಬುಸ್ ಅಂತ ನೊರೆ ಬಂದರೆ ರುಚಿ ಕೂಡ ನೋಡಬಾರದು.

ಭದ್ರಾವತಿಯವನು, ಈಗ ಪ್ರಾಗ್

ಈ ಚರ್ಚೆ ಓದಿ ತುಂಬಾ ಖುಷಿಯಾಯಿತು. ನಾನಿರುವುದು ಪ್ಲಮ್ ಬಟರ್‌ನ ಊರಿನಲ್ಲೇ. ಇಲ್ಲಿ ಚೆಕ್ ಭಾಷೆಯಲ್ಲಿ ಇದಕ್ಕೆ ಪೊವಿಡ್ಲಾ ಅನ್ನುತ್ತಾರೆ. ಆಸ್ಟ್ರಿಯಾದಲ್ಲಿ ಪೊವಿಡ್ಲ್, ಪೋಲೆಂಡಿನಲ್ಲೂ ಹತ್ತಿರದ ಹೆಸರೇ. ಹಳೇ ಪದ್ಧತಿಯಲ್ಲಿ ಸಕ್ಕರೆ ಹಾಕುವುದೇ ಇಲ್ಲ! ಬರೀ ಹಣ್ಣು. ದೊಡ್ಡ ಕೊಪ್ಪರಿಗೆಯಲ್ಲಿ ಹಾಕಿ ಗಂಟೆಗಟ್ಟಲೆ, ಸರದಿ ಮೇಲೆ ಕೈಯಾಡಿಸುತ್ತಾ ಕಾಸುತ್ತಾರೆ. ಕೇಳಿದಾಗ ನನಗೆ ನಮ್ಮೂರ ಆಲೆಮನೆ ನೆನಪಾಯಿತು. ಕೊನೆಗೆ ಬರುವುದು ಕಪ್ಪಗೆ, ಚಮಚ ನೆಟ್ಟರೆ ನಿಲ್ಲುವ ಹಾಗೆ. ಇಲ್ಲಿನವರು ಅದನ್ನು ಬನ್ನಿನ ಒಳಗೆ ಹೂರಣದ ಹಾಗೆ ತುಂಬುತ್ತಾರೆ. ಮೊದಲ ಸಲ ತಿಂದಾಗ ನನಗೆ ಹುಣಸೆಹಣ್ಣು, ಖರ್ಜೂರ, ಬೆಲ್ಲ ಮೂರೂ ನೆನಪಾದವು.

ರೊಮೇನಿಯಾದಲ್ಲಿ ಟೊಪೊಲೊವೆನಿ ಅಂತ ಒಂದು ಊರಿದೆ. ಅಲ್ಲಿನ ಪ್ಲಮ್ ಮಾಜುನ್ ಕೂಡ ಸಕ್ಕರೆ ಇಲ್ಲದ್ದು. 2011ರಲ್ಲಿ ಯುರೋಪಿಯನ್ ಒಕ್ಕೂಟ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಕೊಟ್ಟಿತು. ನಮ್ಮ ಅಪ್ಪೆಮಿಡಿಗೆ ಸಿಕ್ಕ ಹಾಗೆ.

ಸಾಗರದ ಅಡುಗೆಮನೆ

ಹಾಗಾದರೆ ನಾನೂ ಸಕ್ಕರೆ ಇಲ್ಲದೆ ಮಾಡಬಹುದಾ?

ಭದ್ರಾವತಿಯವನು, ಈಗ ಪ್ರಾಗ್

ಹಣ್ಣು ಬೇರೆ ಅಕ್ಕ. ಇಲ್ಲಿನದ್ದು ಉದ್ದುದ್ದ, ನೀಲಿ ನೇರಳೆ ಬಣ್ಣ, ತಿರುಳು ಗಟ್ಟಿ, ಬೀಜ ಸಲೀಸಾಗಿ ಬಿಡುತ್ತದೆ. ಸೆಪ್ಟೆಂಬರ್ ಕೊನೆಗೆ ತೊಟ್ಟಿನ ಹತ್ತಿರ ಸುಕ್ಕುಗಟ್ಟುವ ತನಕ ಮರದಲ್ಲೇ ಬಿಡುತ್ತಾರೆ. ಸಿಹಿ ಅಲ್ಲೇ ಏರುತ್ತದೆ, ನೀರು ಅಲ್ಲೇ ಇಳಿಯುತ್ತದೆ. ನಮ್ಮಲ್ಲಿಗೆ ಬರುವುದು ಜಪಾನಿ ಬಗೆಯ ದುಂಡು ಪ್ಲಮ್, ಕಚ್ಚಿದರೆ ಗಲ್ಲಕ್ಕೆ ರಸ ಸೋರುತ್ತದೆ. ಅದನ್ನು ಸಕ್ಕರೆ ಇಲ್ಲದೆ ಆ ಹದಕ್ಕೆ ತರಬೇಕಾದರೆ ನಾಲ್ಕು ಕಿಲೋಗೆ ಒಂದು ಕಿಲೋನೂ ಸಿಗುವುದಿಲ್ಲ. ಹುಳಿಯೂ ಹಲ್ಲು ಚುಳ್ಳೆನ್ನುವಷ್ಟಾಗುತ್ತದೆ. ಸ್ವಲ್ಪ ಸಕ್ಕರೆ ಇರಲಿ.

ತೀರ್ಥಹಳ್ಳಿ ತೋಟ

ಸೇರಿಸುತ್ತೇನೆ. ಏಪ್ರಿಲ್ ಮೇ ತಿಂಗಳಲ್ಲಿ ಬರುವುದು ಹೆಚ್ಚಾಗಿ ಊಟಿ, ಕೊಡೈಕೆನಾಲ್ ಕಡೆಯ ಹಣ್ಣು. ಜೂನ್ ಜುಲೈನಲ್ಲಿ ಹಿಮಾಚಲದ್ದು ಬರುತ್ತದೆ. ಅಲ್ಲಿ ಬೆಳೆಯುವ ತಳಿಗಳಲ್ಲಿ ಸಾಂಟಾ ರೋಸಾ ಹೆಸರಾದದ್ದು. ಬಟರ್‌ಗೆ ನನಗೆ ಅದೇ ಇಷ್ಟ, ಸಿಪ್ಪೆ ಹುಳಿ, ಒಳಗೆ ಸಿಹಿ. ಸಿಪ್ಪೆ ತೆಗೆಯಬೇಡಿ. ಬಣ್ಣವೂ, ಗಟ್ಟಿ ಮಾಡುವ ಪೆಕ್ಟಿನ್ನೂ ಸಿಪ್ಪೆಯಲ್ಲೇ ಇರುವುದು.

ರಸ ಜಾಸ್ತಿ ಅನ್ನಿಸಿದರೆ ಒಂದು ಉಪಾಯ ಇದೆ. ಹಣ್ಣು ಬೆಂದ ತಕ್ಷಣ ಜರಡಿಯಲ್ಲಿ ಅರ್ಧ ಗಂಟೆ ಸುಮ್ನೆ ಬಿಡಿ. ಒತ್ತಬೇಡಿ. ತಾನಾಗಿ ಇಳಿದ ರಸ ಪಾನಕಕ್ಕೆ ಆಯಿತು. ಜರಡಿಯಲ್ಲಿ ಉಳಿದ ತಿರುಳು ಬಟರ್‌ಗೆ. ಕಾಸುವ ಹೊತ್ತು ಒಂದು ಗಂಟೆಯಾದರೂ ಉಳಿಯುತ್ತದೆ. ಹೀಗೆ ಮಾಡಿದರೆ ನಾನು ಹೇಳಿದ ತೂಕದ ಲೆಕ್ಕ ಹೊಂದುವುದಿಲ್ಲ, ಆಗ ಗೆರೆ ನೋಡಿ, ತಟ್ಟೆ ನೋಡಿ.

ಕೊಪ್ಪದಿಂದ

ಗಿಡ ನಮ್ಮಲ್ಲಿ ಆಗುವುದಿಲ್ವಾ? ಕೊಪ್ಪದಲ್ಲಿ ಚಳಿ ಇದೆ.

ತೀರ್ಥಹಳ್ಳಿ ತೋಟ

ಆ ಚಳಿ ಸಾಲದು ಅಣ್ಣ. ಎಲೆ ಉದುರಿದ ಮೇಲೆ ನೂರಾರು ಗಂಟೆ ಏಳು ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ಗಿಡ ಬೆಳೆದೀತು, ಹಣ್ಣು ಅನುಮಾನ.

ವಿನೋಬನಗರ

ಸಕ್ಕರೆ ಬದಲು ಜೋನಿ ಬೆಲ್ಲ?

ಹೊಸನಗರದ ಸೊಸೆ

ನನ್ನ ಎರಡನೇ ಸಲದ್ದು ಜೋನಿಯಲ್ಲೇ ಮಾಡಿದ್ದು. ರುಚಿ ಆಳ ಇರುತ್ತದೆ, ಬಣ್ಣ ಕಂದು ತಿರುಗುತ್ತದೆ. ಆದರೆ ಜೋನಿಯಲ್ಲೇ ನೀರಿದೆ, ಅದನ್ನೂ ಬತ್ತಿಸಬೇಕು. ಬೇಗ ತಳ ಹಿಡಿಯುತ್ತದೆ. ನಾನು ಕೊನೆಯ ಅರ್ಧ ಗಂಟೆ ಇರುವಾಗ ಹಾಕಿದೆ. ಒಂದು ಏಲಕ್ಕಿ ಸಾಕು. ದಾಲ್ಚಿನ್ನಿ ಹಾಕಿದರೆ ಜೋನಿಯ ಘಮ ಸತ್ತುಹೋಗುತ್ತದೆ. ಮಳೆಗಾಲಕ್ಕೆ ಇಡುವುದಾದರೆ ಸಕ್ಕರೆಯೇ ಲೇಸು, ಜೋನಿಯದ್ದು ಸ್ವಲ್ಪವೇ ಮಾಡಿಕೊಂಡು ಬೇಗ ತಿನ್ನಿ.

ಸಾಗರದ ಅಡುಗೆಮನೆ (ಜೂನ್ 19)

ಮಾಡಿದೆ! ಮೂರು ಕಿಲೋನೇ ತಂದೆ. ಬೆಳಿಗ್ಗೆ ಹತ್ತಕ್ಕೆ ಒಲೆ ಹಚ್ಚಿದ್ದು, ಇಳಿಸುವಾಗ ಎರಡೂ ಕಾಲು. ಗ್ಯಾಸ್ ಖರ್ಚಾಗುತ್ತದೆ ಅಂತ ಮೊದಲರ್ಧ ಬಚ್ಚಲ ಒಲೆಯ ಮೇಲೆ ಮಾಡಿದೆ. ಹೇಗೂ ಮಳೆಗಾಲದಲ್ಲಿ ಅದು ಆರುವುದೇ ಇಲ್ಲ. ಗಟ್ಟಿಯಾಗುತ್ತಾ ಬಂದ ಮೇಲೆ ಒಳಗೆ ಗ್ಯಾಸ್ ಮೇಲೆ ಸಣ್ಣ ಉರಿ. ಮೊದಲಿಗೆ ಗುಲಾಬಿ ನೊರೆ, ಆಮೇಲೆ ಕೆಂಪು, ಕೊನೆಗೆ ಹೊಳೆಯುವ ಕಡುಗಂದು. ಹೊಸನಗರದ ತಂಗಿ ಹೇಳಿದ ಲೊಚಕ್ ಸದ್ದು ಬರುವ ತನಕ ನಿಂತೆ. ಕೇಳಿದ ತಕ್ಷಣ ಗೊತ್ತಾಯಿತು, ಹೋದ ವರ್ಷ ಈ ಸದ್ದು ನಾನು ಕೇಳಿಯೇ ಇರಲಿಲ್ಲ. ತೂಕ ಹಾಕಿದರೆ 1 ಕಿಲೋ 760 ಗ್ರಾಂ.

ಈ ಸಲ ಕಾಲು ಕಿಲೋದ ಸಣ್ಣ ಬಾಟಲಿ ತೆಗೆದುಕೊಂಡೆ, ಹೊಸ ಮುಚ್ಚಳ. ಒಂದು ತೆಗೆದರೆ ವಾರದಲ್ಲಿ ಮುಗಿಯಬೇಕು ಅಂತ. ಏಳು ತುಂಬಿದವು. ಹತ್ತು ನಿಮಿಷ ಕುದಿಸಿ ಹಲಗೆ ಮೇಲೆ ಸಾಲಾಗಿ ಇಟ್ಟೆ. ಒಂದೊಂದೇ ಟಿಣ್ ಅಂತ ಒಳಗೆ ಎಳೆದುಕೊಂಡವು. ಅತ್ತೆಯವರು ಅಡುಗೆಮನೆ ಬಾಗಿಲಲ್ಲಿ ಕೂತು ಎಣಿಸುತ್ತಿದ್ದರು. ಆರು ಸದ್ದಾಯಿತು. ಏಳನೆಯದು ಸದ್ದು ಮಾಡಲಿಲ್ಲ, ಅದು ಈಗ ಫ್ರಿಜ್ಜಿನಲ್ಲಿ. ಉಳಿದ ಆರು ಅಪ್ಪೆಮಿಡಿ ಜಾಡಿಯ ಪಕ್ಕ, ನಾಗಂದಿಗೆ ಮೇಲೆ. ಪ್ರತಿಯೊಂದರ ಮೇಲೂ ತಾರೀಕು ಬರೆದ ಚೀಟಿ.

ತೀರ್ಥಹಳ್ಳಿ ತೋಟ

ತುಂಬಾ ಸಂತೋಷ. ಸುತ್ತುವ ಉಂಗುರ ಬೇರೆ ಇರುವ ಮುಚ್ಚಳವಾದರೆ ಅದನ್ನು ಬಿಚ್ಚಿ ಒಣಗಿಸಿಡಿ, ನಮ್ಮ ಹವೆಗೆ ತುಕ್ಕು ಹಿಡಿಯುತ್ತದೆ. ತಿನ್ನಲು ತೆಗೆದ ಬಾಟಲಿಗೆ ಒದ್ದೆ ಚಮಚ ಬೇಡ.

ಸಾಗರದ ಅಡುಗೆಮನೆ (ಅಕ್ಟೋಬರ್)

ಹೇಳಲೇಬೇಕು ಅಂತ ಬಂದೆ. ಪುನರ್ವಸು, ಪುಷ್ಯ ಮಳೆ ಎರಡೂ ಕಳೆದವು. ನಡುವೆ ಎರಡು ಸಲ ಕರೆಂಟ್ ಹೋಯಿತು, ಒಂದು ಸಲ ನಾಲ್ಕು ದಿನ. ನಾಗಂದಿಗೆ ಮೇಲಿನ ಮರದ ಡಬ್ಬಿಗೆ ಬೂಷ್ಟು ಬಂತು, ಚೀಟಿಗಳಿಗೂ ಬಂತು. ಬಾಟಲಿಯೊಳಗೆ ಬರಲಿಲ್ಲ.

ಐದನೆಯದನ್ನು ಭೂಮಿ ಹುಣ್ಣಿಮೆ ದಿನ ತೆಗೆದೆವು. ಗದ್ದೆಯಿಂದ ವಾಪಸ್ ಬಂದ ಮೇಲೆ ಅತ್ತೆಯವರೇ ಮುಚ್ಚಳ ತಿರುಗಿಸಿದರು. ಟಪ್ ಅಂತ ಸದ್ದು. ಮೇಲೆ ಒಂದು ಹನಿ ನೀರಿಲ್ಲ. ಬೆರಳಲ್ಲಿ ತೆಗೆದು ನೆಕ್ಕಿ, "ಮುಂದಿನ ವರ್ಷ ಆರು ಕಿಲೋ ತಾ" ಅಂದರು.